ಪೊರೆ ಬಿಡದ ಪಂಚಮಿ

ಮೊನ್ನೆ ಹೊಸ ಫೋನ್ ತಂದೆ. ಗಾಜಿನ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯನ್ನು ಉಗುರಿನಿಂದ ಎಬ್ಬಿಸಿ ಎಳೆದರೆ ಅದು ಅರ್ಧಕ್ಕೆ ಬಂದು ಅಂಟಿಕೊಂಡಿತು. ಅಷ್ಟಕ್ಕೇ ಕೈ ಹಿಂದೆಳೆದುಕೊಂಡೆ. "ಕೊಡ್ರಿ ಇಲ್ಲೆ, ಫೋನೇನು ಕಡಿಯಂಗಿಲ್ಲ" ಎಂದು ಹೆಂಡತಿ ಕಸಿದುಕೊಂಡು ಒಂದೇ ಎಳೆತಕ್ಕೆ ಕಿತ್ತು ಹಾಕಿದಳು. ಕಡಿಯುವುದಿಲ್ಲವೆಂದು ನನಗೂ ಗೊತ್ತು. ಆದರೆ ಹೋದ ವರ್ಷದ ಪಂಚಮಿಯಿಂದೀಚೆಗೆ ನನಗೆ ಗೊತ್ತಿರುವುದನ್ನು ನನ್ನ ಕೈ ನಂಬುತ್ತಿಲ್ಲ.

ನಮ್ಮ ಧಾರವಾಡದ ಕಡೆ ನಾಗರ ಪಂಚಮಿಗೆ ಅಣ್ಣನಾದವನು ತಂಗಿಯನ್ನು ತವರಿಗೆ ಕರೆತರಬೇಕು. ನಾನಿರುವುದು ಸಿಡ್ನಿಯ ಮಾರ್ಸ್‌ಡನ್ ಪಾರ್ಕ್‌ನಲ್ಲಿ, ತಂಗಿ ಸುಮಾ ಇರುವುದು ಮೆಲ್ಬರ್ನಿನ ವೆರಿಬೀಯಲ್ಲಿ. ಅವಳಿಗೆ ರಜೆ ಸಿಗುವುದಿಲ್ಲ. ಹಾಗಾಗಿ ಶೇಂಗಾ ಉಂಡಿಯ ಡಬ್ಬಿ ಹಿಡಿದು ತವರೇ ವಿಮಾನ ಹತ್ತುತ್ತದೆ. ಪದ್ಧತಿ ತಿರುಗುಮುರುಗಾಯಿತು ಎಂದು ನಾನು ಬೇಸರ ಮಾಡಿಕೊಂಡವನಲ್ಲ. ಉಂಡಿ ಉಂಡಿಯೇ.

ಆ ಮನೆಯಲ್ಲಿ ತಿರುಗುಮುರುಗಾದದ್ದು ಇನ್ನೂ ಒಂದಿದೆ. ಸುಮಾಳ ಮಗಳು ಅನ್ವಿ ಕಾಲೇಜಿಗೆ ಸೇರಿದ ಮೇಲೆ ಲೈಸೆನ್ಸ್ ಮಾಡಿಸಿ ಒಂದು ಹಾವು ಸಾಕಿದ್ದಾಳೆ. ಹೆಬ್ಬಾವಿನ ಜಾತಿಯ ಮರಿ, ಹೆಬ್ಬೆರಳಿನಷ್ಟು ದಪ್ಪ, ವಿಷವಿಲ್ಲ. ಮಗಳ ಬಾಯಲ್ಲಿ ಅದು 'ನೂಡಲ್', ತಾಯಿಯ ಬಾಯಲ್ಲಿ 'ನಾಗಪ್ಪ'. ಅಡುಗೆಮನೆಯ ಬೆಳ್ಳಿ ನಾಗಪ್ಪನಿಗೆ ಹಾಲು, ಪಡಸಾಲೆಯ ಗಾಜಿನ ಪೆಟ್ಟಿಗೆಯ ನಾಗಪ್ಪನಿಗೆ ಫ್ರೀಜರಿನಿಂದ ತೆಗೆದು ಕರಗಿಸಿದ ಇಲಿ. ಇಬ್ಬರಲ್ಲಿ ಯಾರಿಗೆ ಕೈ ಮುಗಿಯಬೇಕೆಂದು ತಿಳಿಯದೆ ನಾನು ಇಬ್ಬರ ನಡುವಿನ ಗೋಡೆಗೆ ಮುಗಿದಿದ್ದೆ.

ಪೊರೆ ಬಿಡುವ ಹಾವಿಗೆ ತೇವ ಬೇಕು. ಶ್ರಾವಣವೆಂದರೆ ಅಲ್ಲಿ ಚಳಿಗಾಲ; ಹಗಲಿರುಳು ಹೀಟರ್ ಉರಿದು ಮನೆಯ ಗಾಳಿ ಹಪ್ಪಳದಂತೆ ಒಣಗಿತ್ತು. ಆ ಪಂಚಮಿಯ ದಿನ ನೂಡಲ್‌ನ ಪೊರೆ ತಲೆಯ ಹಿಂದೆ ಒಂದಿಷ್ಟು ಬಿಚ್ಚಿ, ಮಡಚಿದ ಅಂಗಿ ತೋಳಿನಂತೆ ಸುತ್ತಿಕೊಂಡು ನಿಂತುಬಿಟ್ಟಿತ್ತು. ಕಣ್ಣಿನ ಮೇಲೆಯೂ ಹಳೆಯ ಪದರ. ಅನ್ವಿ ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಒದ್ದೆ ಟವೆಲಿನಲ್ಲಿ ಸುತ್ತಿ ತಾಯಿಯ ಕೈಗೆ ಕೊಟ್ಟಳು. ಟವೆಲಿಗೆ ಮೈ ತಿಕ್ಕಿಕೊಳ್ಳುತ್ತ ಹಾವು ತಾನಾಗಿ ಪೊರೆಯಿಂದ ಹೊರಬರಲಿ ಎಂದು.

ಸುಮಾ ಹಬ್ಬಕ್ಕೆ ಹೊಸ ಹಸಿರು ಗಾಜಿನ ಬಳೆ ತೊಟ್ಟಿದ್ದಳು, ಜಾರದ ಹಾಗೆ ಬಿಗಿಯಾಗಿ. ಅದು ಯಾರ ಗಮನಕ್ಕೂ ಬರಲಿಲ್ಲ. ಹಬ್ಬದ ದಿನ ಹೆಂಗಸಿನ ಕೈಯಲ್ಲಿ ಬಳೆ ಇದ್ದರೆ ಯಾರು ಗಮನಿಸುತ್ತಾರೆ? ಹಾವು ಗಮನಿಸಿತು. ತಿಕ್ಕಿಕೊಳ್ಳಲು ಟವೆಲಿಗಿಂತ ಬಳೆಯೇ ಮೇಲೆನಿಸಿತೋ ಏನೋ, ಮಣಿಕಟ್ಟಿಗೂ ಬಳೆಗಳಿಗೂ ನಡುವೆ ತಲೆ ತೂರಿಸಿತು. ತಲೆ ಆಚೆ ಬಂತು. ಸುರುಳಿಗಟ್ಟಿದ ಪೊರೆ ಈಚೆ ಸಿಕ್ಕಿತು. ಮುಂದೆ ಹೋಗದು, ಹಿಂದೆ ಬಾರದು. ಹೆದರಿದ ಹಾವು ಉಳಿದ ಮೈಯನ್ನೆಲ್ಲ ಅವಳ ಮುಂಗೈಗೆ ಸುತ್ತಿ ಬಿಗಿಯಿತು.

"ಅಮ್ಮಾ, ಡೋಂಟ್ ಮೂವ್! ಮಾಮಾ, ಹಿ ಕಾಂಟ್ ಬ್ರೀದ್!"

ಹಾವು ಬಾಯಿ ತೆರೆದಿತ್ತು. ಸುಮಾಳ ಬೆರಳುಗಳು ನೇರಳೆಯಾಗುತ್ತಿದ್ದವು. ಕೊಬ್ಬರಿ ಎಣ್ಣೆ ಸುರಿದೆವು, ಉಪಯೋಗವಾಗಲಿಲ್ಲ. ಅನ್ವಿ ಗ್ಯಾರೇಜಿನಿಂದ ಇಕ್ಕಳ ತಂದು ನನ್ನ ಕೈಗಿತ್ತಳು.

"ಬ್ಯಾಡಣ್ಣಾ" ಎಂದಳು ಸುಮಾ. "ಪಂಚಮಿ ದಿನ ಹೆಚ್ಚಬಾರದಂತ ಇವತ್ತ ಕಾಯಿಪಲ್ಲೆ ಸುದ್ದಾ ಹೆಚ್ಚಿಲ್ಲ ನಾ. ಬಳಿ ಒಡೀತಿಯೇನು? ಅದೂ ಇವರು ವಿಮಾನದಾಗ ಇದ್ದಾಗ?"

ಭಾವ ಅಂದು ಕೆಲಸದ ಮೇಲೆ ಪರ್ತ್‌ಗೆ ಹಾರಿದ್ದ. ನಾನು ಎಂಜಿನಿಯರಿಂಗ್ ಓದಿದವನು. ಬಳೆಗೂ ವಿಮಾನಕ್ಕೂ ಸಂಬಂಧವಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆ ಹೊತ್ತಿನಲ್ಲಿ ಸಂಬಂಧ ಇಲ್ಲವೆಂಬ ಧೈರ್ಯ ಬರಲಿಲ್ಲ. ಒಡೆದರೆ ಚೂರು ಹಾವಿನ ಹಸಿ ಚರ್ಮಕ್ಕೆ ನೆಡಬಹುದು, ಇಲ್ಲವೇ ತಂಗಿಯ ನರಕ್ಕೆ. ಒಡೆಯದಿದ್ದರೆ ಪಂಚಮಿಯ ದಿನ ಹಾವು ಅವಳ ಕೈಯಲ್ಲೇ ಸಾಯುತ್ತದೆ. ಯಾವ ಕೇಡು ಹೆಚ್ಚಿನದೆಂದು ಯಾರನ್ನು ಕೇಳುವುದು?

ಸುಮಾ ಹಾವಿನ ತೆರೆದ ಬಾಯನ್ನೇ ನೋಡಿದಳು. ಆಮೇಲೆ ಮುಖ ತಿರುಗಿಸಿ, "ಒಡಿ" ಎಂದಳು.

ಟವೆಲಿನ ತುದಿಯನ್ನು ಬಳೆಯ ಕೆಳಗೆ ತೂರಿಸಿ ಒಂದೊಂದಾಗಿ ಇಕ್ಕಳದಲ್ಲಿ ಅದುಮಿದೆ. ಬಳೆ ಒಡೆಯುವ ಸದ್ದು ಅಷ್ಟು ಸಣ್ಣದು! ಈಗಲೂ ಕಿವಿಯಲ್ಲಿದೆ. ಕೊನೆಯದು ಚಟ್ಟೆಂದಾಗ ಹಾವು ಸಡಿಲವಾಯಿತು. ಟವೆಲಿನ ಮೇಲೆ ರಕ್ತ. ಹಾವಿನ ಕುತ್ತಿಗೆಯಲ್ಲೂ ರಕ್ತ, ಮಣಿಕಟ್ಟಿನಲ್ಲೂ ರಕ್ತ. ಯಾರದೆಂದು ತಿಳಿಯಲಿಲ್ಲ.

"ನಂದ ಇರಲಿ" ಎಂದಳು ಸುಮಾ. "ದೇವರ, ನಂದ ಇರಲಿ."

ಅವಳದೇ ಆಗಿತ್ತು. ಗಾಯ ಆಳವಿರಲಿಲ್ಲ. ಪೊರೆ ಹಸಿರು ಚೂರುಗಳ ನಡುವೆ ಒಳಹೊರಗಾಗಿ ಬಿದ್ದಿತ್ತು, ಕಣ್ಣಿನ ಪದರದ ಸಮೇತ. ಭಾವ ಸುಖವಾಗಿ ಇಳಿದು, ಊಟ ಚೆನ್ನಾಗಿರಲಿಲ್ಲ ಎಂದು ಮೆಸೇಜು ಕಳಿಸಿದ. ಅದನ್ನೋದಿ ಸುಮಾ ಅಳತೊಡಗಿದಳು. ಅನ್ವಿ ಏನೂ ಅರ್ಥವಾಗದೆ ತಾಯಿಯನ್ನು ತಬ್ಬಿಕೊಂಡಳು. ನನಗೆ ಅರ್ಥವಾಯಿತೆಂದು ಹೇಳಲಾರೆ.

ಇಂದಿಗೂ ಗೊಂದಲವೇ. ನಾನು ಹೆದರಿದ್ದು ತಂಗಿಯ ಕೈಗೋ, ಹಾವಿನ ಜೀವಕ್ಕೋ, ಭಾವನ ವಿಮಾನಕ್ಕೋ? 'ನಂದ ಇರಲಿ' ಎಂದದ್ದು ಭಕ್ತಿಯೋ, ಮಗಳ ಮೇಲಿನ ಪ್ರೀತಿಯೋ, ಕೈಯೊಳಗೆ ಒದ್ದಾಡುವ ಯಾವ ಜೀವಕ್ಕಾದರೂ ಅವಳು ಹೇಳುತ್ತಿದ್ದ ಮಾತೋ?

ಇವತ್ತು ಬೆಳಿಗ್ಗೆ ಹೊಸ ಫೋನಿಗೆ ಸುಮಾಳ ಮೊದಲ ವಿಡಿಯೊ ಬಂತು. ಹಾವು ಈ ಸಲ ತಲೆಯಿಂದ ಬಾಲದವರೆಗೆ ಒಂದೇ ಪೊರೆ ಬಿಟ್ಟು ಬಳೆ ತೆಗೆದಿಟ್ಟ ಅವಳ ಬರಿಗೈ ಮೇಲೆ ಹರಿಯುತ್ತಿದೆ. ನಿಲ್ಲಿಸಿ ನಿಲ್ಲಿಸಿ ನೋಡಿದೆ. ಏನನ್ನು ಹುಡುಕುತ್ತಿದ್ದೇನೆಂದು ಗೊತ್ತಾಗದೆ ಕೊನೆಗೆ ಇಷ್ಟೇ ಬರೆದೆ: "ಇಬ್ಬರೂ ಆರಾಮ ಅದೀರಲ್ಲ?"

ಯಾರಿಬ್ಬರು ಎಂದು ಅವಳು ಕೇಳಲಿಲ್ಲ.

"ಇಬ್ಬರೂ ಆರಾಮ ಅದೀವಿ, ಅಣ್ಣಾ."