ನೇರಳೆ ಮಸಿಯ ಮುದ್ರೆ

ನಾನು ಅಂಚೆಚೀಟಿ ಸಂಗ್ರಾಹಕ. ಮನೆಯವರ ಪ್ರಕಾರ ರದ್ದಿ ಕೂಡಿಡುವವನು. ಬೆಟಗೇರಿಯ ನಮ್ಮ ಮನೆಯಲ್ಲಿ ಅಪ್ಪನ ಮಗ್ಗವಿದ್ದ ಕೋಣೆಯಲ್ಲಿ ಈಗ ನನ್ನ ಆಲ್ಬಮ್ಮುಗಳಿವೆ. ಮಗ್ಗದಿಂದ ಸೀರೆಯಾದರೂ ಬರುತ್ತಿತ್ತು, ಇವುಗಳಿಂದ ಬರೀ ಧೂಳು ಎಂದು ಹೆಂಡತಿ ಬಂದವರೆದುರೇ ಹೇಳುತ್ತಾಳೆ.

ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನಾನು ವಿದ್ವಾಂಸನೂ ಆದೆ. ಅಂದರೆ, ಚೀಟಿ ಬಿಟ್ಟು ಅದರ ಮೇಲೆ ಬಿದ್ದ ಅಂಚೆ ಮುದ್ರೆಗಳ ಬೆನ್ನು ಹತ್ತಿದೆ. ಲಕ್ಷ್ಮೇಶ್ವರದ ಹತ್ತಿರದ ಒಂದು ಪುಟ್ಟ ಹಳ್ಳಿಯ ಅಂಚೆ ಕಚೇರಿಯಲ್ಲಿ ಒಂದಷ್ಟು ಕಾಲ ಕಪ್ಪು ಮಸಿಯ ಬದಲು ನೇರಳೆ ಮಸಿಯಲ್ಲಿ ಮುದ್ರೆ ಒತ್ತುತ್ತಿದ್ದರು ಎಂಬುದು ನನ್ನ ಸಂಶೋಧನೆ. ಅದಕ್ಕೆ ಆಧಾರ ಲಕೋಟೆಯೊಂದರ ಹರಕು ಚೂರು. ಗದಗಿನಲ್ಲಿರುವ ನನ್ನ ಗೆಳೆಯನಿಗೂ ಇದೇ ಹುಚ್ಚು. ಅವನು ಆ ಚೂರನ್ನು ಭೂತಗನ್ನಡಿಯಲ್ಲಿ ನೋಡಿ, "ಇದು ಮುದ್ರಿ ಅಲ್ಲಲೇ, ನೀನ ಮಸಿ ಚೆಲ್ಲೀದಿ. ಇಡೀ ಲಕೋಟಿ ತಾ, ಆಮ್ಯಾಲೆ ಮಾತಾಡು" ಎಂದ. ಮುಂದಿನ ತಿಂಗಳು ಸಂಗ್ರಾಹಕರ ಸಭೆಯಲ್ಲಿ ನಾನು ಅದರ ಬಗ್ಗೆಯೇ ಲೇಖನ ಓದಬೇಕಿತ್ತು. ಊಟ ಸೇರದಾಯಿತು.

ಆಗ ನೆನಪಾದವಳು ಲಕ್ಷ್ಮೇಶ್ವರದ ನನ್ನ ಹಳೆಯ ವಿದ್ಯಾರ್ಥಿನಿ. ಕಾಳಿನ ವ್ಯಾಪಾರದ ಮುಸ್ಲಿಂ ಮನೆತನದವಳು, ಈಗ ಮೊಮ್ಮಕ್ಕಳಿದ್ದಾರೆ. ತೀರಿಹೋದ ಅವಳ ಗಂಡ ಅದೇ ಹಳ್ಳಿಯವನು. ಫೋನ್ ಮಾಡಿ, "ನಿಮ್ಮನಿಯವರ ಊರಿಂದ ಬಂದ ಹಳೇ ಕಾಗದ ಏನರ ಅದಾವೇನವಾ? ಸ್ಟ್ಯಾಂಪ್ ಬೇಕಾಗ್ಯಾವು" ಎಂದೆ.

"ಒಂದು ಗಂಟ ಐತ್ರಿ ಸರ. ಐತವಾರ ಬರ್ರಿ, ತಯಾರ್ ಮಾಡಿ ಇಟ್ಟಿರ್ತೀನಿ."

ತಯಾರು ಮಾಡುವುದೆಂದರೇನು ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಭಾನುವಾರ ಹೋದರೆ, ಚಹಾದ ಜೊತೆ ಒಂದು ಸ್ಟೀಲ್ ಡಬ್ಬಿ ತಂದಿಟ್ಟಳು. ಒಳಗೆ ಬರೀ ಚೀಟಿಗಳು, ಒಂದೂ ಕಲೆಯಿಲ್ಲದೆ ಫಳಫಳ ಹೊಳೆಯುತ್ತಿದ್ದವು.

"ಲಕೋಟಿ ಎಲ್ಲಿ?" ಎಂದೆ.

"ನೀರೊಲಿ ಉರಿಗೆ ಹಾಕಿದೆ. ನೀವ ಕಲಿಸಿದ್ರಲ್ರಿ ಸರ, ಉಗುರುಬೆಚ್ಚನ ನೀರಾಗ ನೆನಿ ಹಾಕಬೇಕು, ಸ್ವಚ್ಛ ತೊಳೀಬೇಕು, ಬಟ್ಟಿ ಮ್ಯಾಲೆ ಬೋರಲ ಒಣಗಸಬೇಕು ಅಂತ. ನೀರೆಲ್ಲಾ ನೇರಲಹಣ್ಣಿನ ಬಣ್ಣ ಆತ್ರಿ. ಕರಿಬೇವಿನ ಗಿಡಕ್ಕ ಸುರುವಿದೆ."

ಖರೆ, ಕಲಿಸಿದ್ದೆ. ಶಾಲೆಯಲ್ಲಿ ಸಂಘ ಕಟ್ಟಿ, ಕೈಯಲ್ಲಿ ಬೆತ್ತ ಹಿಡಿದು ಕಲಿಸಿದ್ದೆ. ಮುದ್ರೆಯ ಬೆಲೆ ಆಗ ನನಗೇ ತಿಳಿದಿರಲಿಲ್ಲ. ನನ್ನ ಯಾವ ಪಾಠವನ್ನೂ ಯಾರೂ ಇಷ್ಟು ಚೆನ್ನಾಗಿ ನೆನಪಿಟ್ಟಿರಲಿಲ್ಲ. ಹೆಮ್ಮೆಪಡಬೇಕೋ ಅಳಬೇಕೋ ತಿಳಿಯದೆ ಚಹಾ ಕುಡಿದೆ.

ನನ್ನ ಮುಖ ನೋಡಿ ಏನಾಯಿತೆಂದು ಅವಳೇ ಕೇಳಿದಳು. ಮುದ್ರೆಯ ವಿಷಯ ಬಿಡಿಸಿ ಹೇಳಿದೆ. ಅವಳು ಒಳಗೆ ಹೋಗಿ ಟ್ರಂಕಿನಿಂದ ಒಂದು ಲಕೋಟೆ ತಂದಳು.

"ಇದೊಂದನ್ನ ನೆನಿ ಹಾಕಿಲ್ರಿ. ಲಗ್ನ ಗೊತ್ತಾದ ಮ್ಯಾಲೆ ಅವರು ಬರದ ಮೊದಲನೇ ಕಾಗದ."

ವಿಳಾಸದ ಮೇಲೆ ಅಂಗೈ ಮುಚ್ಚಿ ಮೂಲೆಯನ್ನಷ್ಟೇ ನನ್ನ ಮುಂದೆ ಹಿಡಿದಳು. ಇಡೀ ದುಂಡು ಮುದ್ರೆ. ಊರಿನ ಹೆಸರು, ತಾರೀಖು, ಎಲ್ಲವೂ ಸ್ಪಷ್ಟ ನೇರಳೆ. ಕಿಸೆಯಿಂದ ಮೊಬೈಲ್ ತೆಗೆದೆ.

"ಫೋಟೋ ಬ್ಯಾಡ್ರಿ ಸರ. ನೀವು ಬೇಕಾದಷ್ಟು ಹೊತ್ತು ನೋಡ್ರಿ. ಇದು ನಾಕು ಮಂದಿ ನಡುವ ಇಡೋದಲ್ಲ."

ಮೊಬೈಲ್ ಒಳಗಿಟ್ಟೆ. ಇಷ್ಟು ವರ್ಷ ನಾನು ಕಿತ್ತು ತೊಳೆದ ಚೀಟಿಗಳೆಲ್ಲ ಯಾರೋ ಯಾರಿಗೋ ಬರೆದ ಕಾಗದದವು ಎಂದು ಅವತ್ತು ಮೊದಲ ಸಲ ಅನಿಸಿ, ನಾಚಿಕೆಯಾಯಿತು.

ಸಭೆಯಲ್ಲಿ ಲೇಖನ ಓದಿದೆ. ಗೆಳೆಯ ಎದ್ದು ನಿಂತು ಲಕೋಟೆ ಕೇಳಿದ. ನೋಡಿದ್ದೇನೆ, ಆದರೆ ತೋರಿಸಲಾರೆ ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಡಬ್ಬಿಯ ಚೀಟಿಗಳನ್ನು ಈಗ ಆಲ್ಬಮ್ಮಿನ ಒಂದು ಪುಟಕ್ಕೆ ಹಚ್ಚಿದ್ದೇನೆ. ಮೊದಲ ಜಾಗ ಖಾಲಿ ಬಿಟ್ಟಿದ್ದೇನೆ. ಮೊನ್ನೆ ಬಂದ ಗೆಳೆಯ ಅಲ್ಲಿ ಬೆರಳಿಟ್ಟು, "ಇಲ್ಲೀದು ಎಲ್ಲೈತಿ?" ಎಂದು ಕೇಳಿದ.

"ಎಲ್ಲಿ ಇರಬೇಕೋ ಅಲ್ಲೇ ಐತಿ" ಎಂದೆ.