ಅವ್ವ ನೋಡದ ಗೋಳಗುಮ್ಮಟ

ನನ್ನ ಹೆಗಲ ಮೇಲೆ ಮಗು ಕಕ್ಕಿದ ಹಾಲಿನ ವಾಸನೆಗೆ, ನಾನು ಚಿಕ್ಕವಳಿದ್ದಾಗ ಶಹಾಬಾದದಿಂದ ವಿಜಾಪುರ ನೋಡಲು ಹೋದ ಬಸ್ಸು ನೆನಪಾಯಿತು. ಅವ್ವನ ಮಡಿಲಲ್ಲಿ ಎಳೆಗೂಸು, ನನ್ನ ತಮ್ಮ.

"ಇಳೀರಿ, ಗೋಳಗುಮ್ಮಟ ಬಂತು!" ಎಂದು ಗೈಡ್ ಕೂಗಿದ. ಅವ್ವ ಎದ್ದಳು.

"ಗೋರಿ ಇದ್ದಲ್ಲಿ ಕೂಸಿನ ತಾಯಿ ಬರಬಾರ್ದು. ಕೂಸಿಗೆ ಗಾಳಿ ಬಡೀತದ, ಕುಂದ್ರು," ಎಂದಳು ಅಜ್ಜಿ. ಅಪ್ಪ ಇಳಿದುಹೋದ.

ಗೈಡ್ ಆಮೇಲೆ ತೋರಿಸಿದ್ದೂ ಹೆಚ್ಚಾಗಿ ಗೋರಿಗಳನ್ನೇ. ಎಲ್ಲರೂ ಬಿಟ್ಟುಹೋದ ಚಪ್ಪಲಿ ಕಾಯುತ್ತ ಅವ್ವ ದಿನವಿಡೀ ಬಸ್ಸಿನಲ್ಲೇ ಕುಳಿತಳು.

ಊರಿಗೆ ಮರಳಿದಾಗ ಪಕ್ಕದ ಮನೆಯಾಕೆ, "ಏನೇನ್ ನೋಡಿ ಬಂದ್ರಿ ವೈನಿ?" ಎಂದು ಕೇಳಿದಳು.

"ಮಂದೀ ಚಪ್ಪಲಿ ನೋಡೀನ್ರಿ," ಎಂದಳು ಅವ್ವ.

ನಾಳೆ ನಾವು ಬೀದರಿನ ಗುಮ್ಮಟಗಳನ್ನು ನೋಡಲು ಹೊರಟಿದ್ದೇವೆ. ಅತ್ತೆಯೂ ಅಜ್ಜಿಯ ಮಾತನ್ನೇ ಹೇಳಿದರು. ಇಷ್ಟು ಓದಿದವಳು ನಾನು; ಮಗುವಿಗೆ ಏನಾದರೂ ಆದರೆ ಎಂಬ ಹೆದರಿಕೆಗೆ, "ಆಯ್ತ್ರಿ, ಬಸ್ಸಿನ್ಯಾಗೇ ಕುಂದರ್ತೀನಿ," ಎಂದುಬಿಟ್ಟೆ.