ಪಿತ್ತಕೋಶದ ಹೆಸರಿನಲ್ಲಿ

ರೈಲು ಬರುವುದನ್ನೂ ತಡವಾಗುವುದನ್ನೂ ನಿಲ್ದಾಣದ ಮೈಕಿನಲ್ಲಿ ಸಾರುವ ಕೆಲಸ ಅವಳದು. ಬೀದಿಯವರೆಲ್ಲ ಮೈಕಕ್ಕ ಎನ್ನುತ್ತಿದ್ದರು. ಮನೆಯಲ್ಲಿ ಮಾತ್ರ ಅವಳಿಗೆ ಬಾಯಿ ತೆರೆಯಲು ಸರದಿ ಸಿಗುತ್ತಿರಲಿಲ್ಲ.

ಅವಳಿಗೆ ಗರ್ಭಕೋಶದ ಕ್ಯಾನ್ಸರ್ ಎಂದು ಗೊತ್ತಾದಾಗ, ಗಂಡನ ಅಕ್ಕ ರೋಗಕ್ಕಿಂತ ಮೊದಲು ಅದರ ಹೆಸರಿಗೆ ಮದ್ದು ಹುಡುಕಿದಳು.

"ಪಿತ್ತಕೋಶ ಅಂತ ಹೇಳಿಬಿಡೋಣ. ಅದೂ ಕೋಶನೇ ತಾನೇ? ಪೂರ್ತಿ ಸುಳ್ಳಾಗಲ್ಲ."

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಮನೆಗೆ ಬಂದದ್ದೇ ತಡ, ಪಿತ್ತಕೋಶ ವಿಚಾರಿಸಲು ಜನ ಸಾಲುಗಟ್ಟಿದರು. ಮಂಚದ ಮೇಲೇ ಕೂತರು, ಬಸ್ಸಿನ ಕಂಬಿ ಹಿಡಿದು ಬಂದ ಕೈಯಲ್ಲೇ ಹೊಟ್ಟೆ ಮುಟ್ಟಿ ಲೊಚಗುಟ್ಟಿದರು. ಗಂಡನ ಷಡ್ಡಕ ತನ್ನ ಪಿತ್ತದ ಕಲ್ಲುಗಳನ್ನು ಡಬ್ಬಿಯಲ್ಲಿ ತಂದು, "ನಿಮ್ಮವು ಎಲ್ಲಿ, ನೋಡೋಣ" ಎಂದ.

ಅಷ್ಟರಲ್ಲಿ ಹೊಲಿಗೆಯ ಸುತ್ತ ಕೆಂಪೇರಿ ಕೀವು ಸೋರತೊಡಗಿತು. ವಾಸನೆಯೂ ಬಂತು. ಗಂಡನ ಅಕ್ಕ ಬ್ಯಾಂಡೇಜಿನ ಮೇಲೆ ಪೌಡರ್ ಧಾರಾಳವಾಗಿ ಉದುರಿಸಿದಳು. ಕೀವು ಘಮಘಮಿಸಿತು, ಜ್ವರ ಏರುತ್ತಲೇ ಇತ್ತು. ಗಂಡ ಆಸ್ಪತ್ರೆಗೆ ಫೋನ್ ಮಾಡಿ, ಪಕ್ಕದ ಮನೆಗೆ ಕೇಳಿಸೀತೆಂದು ದನಿ ತಗ್ಗಿಸಿ, "ಅದೇ... ಆ ಜಾಗ... ಸ್ವಲ್ಪ ಅದಾಗಿದೆ" ಎಂದ. ಆ ಕಡೆಯವರು ರಾಂಗ್ ನಂಬರ್ ಎಂದು ಇಟ್ಟುಬಿಟ್ಟರು.

ಅವಳಿಗೆ ಗಡಗಡ ನಡುಕ ಹತ್ತಿದ ಮೇಲೆ ಆಸ್ಪತ್ರೆಗೆ ಕರೆದೊಯ್ದರು. ನೋಂದಣಿ ಕಿಟಕಿಯ ಗುಮಾಸ್ತ "ಏನ್ ತೊಂದ್ರೆ?" ಎಂದ. ಪಿಸುಗುಟ್ಟಲು ಗಂಡ ಅವನ ಕಿವಿ ಹುಡುಕುತ್ತಿದ್ದಾಗ ಮೈಕಕ್ಕ ಎದ್ದು ನಿಂತಳು.

"ನನಗೆ ಗರ್ಭಕೋಶದ ಕ್ಯಾನ್ಸರ್ ಆಪರೇಷನ್ ಆಗಿದೆ. ಗಾಯದಲ್ಲಿ ಕೀವಾಗಿದೆ. ಈಗಲೇ ಡಾಕ್ಟರು ನೋಡಬೇಕು!"

ಮೈಕಿಲ್ಲದೆಯೇ ಗೇಟಿನವರೆಗೆ ಕೇಳಿಸಿತು. ಗಂಡ ನೆಲ ನೋಡಿದ. ಗಾಲಿಕುರ್ಚಿ ಓಡಿ ಬಂತು.

ಡಾಕ್ಟರಮ್ಮ ಹೊಲಿಗೆ ಬಿಚ್ಚಿ ಕೀವು ತೆಗೆಯುತ್ತ ಗದರಿದರು. "ಇಷ್ಟು ದಿನ ಏನ್ ಮಾಡ್ತಿದ್ರಿ?"

"ಮಾನ ಉಳಿಸ್ತಿದ್ವಿ, ಡಾಕ್ಟ್ರೇ" ಎಂದಳು ಮೈಕಕ್ಕ.

ಗಾಯವನ್ನು ತೆರೆದೇ ಬಿಟ್ಟು ದಿನವೂ ತೊಳೆದು ಕಟ್ಟಬೇಕಾಯಿತು. ಒಳಗಿನಿಂದ ತುಂಬಿ ಮಾಯಲು ವಾರಗಳೇ ಹಿಡಿದವು. ಕ್ಯಾನ್ಸರ್ ಎಂದು ತಿಳಿದ ಮೇಲೆ ಬಂಧುಗಳು ಮನೆಯ ದಾರಿಯನ್ನೇ ಮರೆತರು. ಗಾಯಕ್ಕೆ ಅದೇ ಒಳ್ಳೆಯದಾಯಿತು.

ಒಂದು ಮಧ್ಯಾಹ್ನ ಗಂಡನ ಅಕ್ಕ ಬಂದು ಬಾಗಿಲು ಹಾಕಿಕೊಂಡಳು. "ಮುಟ್ಟು ನಿಂತು ವರ್ಷಗಳಾಯ್ತು. ಈಗ ಮತ್ತೆ ರಕ್ತ ಕಾಣಿಸ್ತಿದೆ ಕಣೇ. ಯಾರಿಗೂ ಹೇಳ್ಬೇಡ."

"ಡಾಕ್ಟ್ರಿಗೂ ಹೇಳ್ಬಾರ್ದಾ?"

ಅಕ್ಕ ಬಿಕ್ಕಿ ಅತ್ತಳು. ಮೈಕಕ್ಕನಿಗೆ ಸಿಟ್ಟೂ ಬಂತು, ಮರುಕವೂ ಹುಟ್ಟಿತು. ಕಣ್ಣೊರೆಸಿಕೊಳ್ಳಲು ಟವೆಲ್ ಕೊಟ್ಟು, ಚಪ್ಪಲಿ ಮೆಟ್ಟಿ, ಅವಳ ಕೈಹಿಡಿದು ಹೊರಟಳು. ಪುಣ್ಯಕ್ಕೆ ಪರೀಕ್ಷೆಯಲ್ಲಿ ಸಿಕ್ಕಿದ್ದು ಅಪಾಯವಿಲ್ಲದ ಸಣ್ಣ ಗಡ್ಡೆ.